ಕರ್ವೆ ಪ್ರತಿಮೆಯ ಬಳಿ ಬಾಳಿನ ಹಂತಗಳು

ಪುಣೆಯ ಕೋಥರೂಡದಲ್ಲಿ ‘ಕರ್ವೆ ಪುತಳಾ’ ಎಂಬುದು ನಮ್ಮಲ್ಲಿ ಹಲವರಿಗೆ ಬಸ್ಸು ಇಳಿಯುವ ಗುರುತು ಮಾತ್ರ. ಮನುಷ್ಯನ ಬಾಳಿನ ಹಂತಗಳನ್ನು ಕುರಿತು ಚಿಂತಿಸುವವರು ಆ ಪ್ರತಿಮೆಯ ಬಳಿ ತುಸು ಹೊತ್ತು ನಿಲ್ಲಬೇಕು.

ನಮ್ಮ ಪೂರ್ವಿಕರು ಬಾಳನ್ನು ನಾಲ್ಕು ಆಶ್ರಮಗಳಾಗಿ ವಿಂಗಡಿಸಿದರು. ಮನೋವಿಜ್ಞಾನಿ ಎರಿಕ್ ಎರಿಕ್ಸನ್ 1950ರ ತಮ್ಮ ಗ್ರಂಥದಲ್ಲಿ ಎಂಟು ಹಂತಗಳನ್ನು ಗುರುತಿಸಿದರು: ಶೈಶವದಲ್ಲಿ ನಂಬಿಕೆ ಮೊಳೆಯಬೇಕು, ಶಾಲೆಯ ವಯಸ್ಸಿನಲ್ಲಿ ಕಲಿಕೆಯ ಹುರುಪು, ಹರೆಯದಲ್ಲಿ ತಾನಾರೆಂಬ ಅರಿವು, ನಡುವಯಸ್ಸಿನಲ್ಲಿ ಮುಂದಿನ ಪೀಳಿಗೆಯ ಪೋಷಣೆ, ಮುಪ್ಪಿನಲ್ಲಿ ಬಾಳಿದ ಬಾಳನ್ನು ಒಪ್ಪಿಕೊಳ್ಳುವ ಸಮಾಧಾನ. ಪ್ರತಿ ಹಂತದಲ್ಲೂ ವ್ಯಕ್ತಿಗೆ ಸಮಾಜ ಆಸರೆಯಾಗಬೇಕೆಂಬುದು ಅವರ ವಿಚಾರದ ತಿರುಳು. ಸಮಾಜವೇ ಬಾಗಿಲು ಮುಚ್ಚಿದರೆ?

ಕೊಂಕಣದ ಗೋದೂಬಾಯಿ ಆಟವಾಡುವ ವಯಸ್ಸಿನಲ್ಲೇ ಮದುವೆಯಾಗಿ ವಿಧವೆಯಾದರು. ಅಂಥವರಿಗೆ ನಾಲ್ಕು ಆಶ್ರಮಗಳಲ್ಲಿ ಒಂದೂ ತೆರೆದಿರಲಿಲ್ಲ. ಬಾಳು ಮೊದಲಾಗುವ ಮುನ್ನವೇ ಮುಗಿದಂತೆ. ಅವರಿಗೆ ಅಕ್ಷರದ ದಾರಿ ತೋರಿದವರು ನಮ್ಮ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಜನಿಸಿದ ಪಂಡಿತಾ ರಮಾಬಾಯಿ. 1889ರಲ್ಲಿ ಮುಂಬಯಿಯಲ್ಲಿ ರಮಾಬಾಯಿ ತೆರೆದ ಶಾರದಾ ಸದನದ ಮೊದಲ ವಿಧವಾ ವಿದ್ಯಾರ್ಥಿನಿ ಈ ಗೋದೂಬಾಯಿ. 1893ರಲ್ಲಿ ಗಣಿತದ ಪ್ರಾಧ್ಯಾಪಕ ಧೋಂಡೋ ಕೇಶವ ಕರ್ವೆಯವರು ಅವರನ್ನು ವರಿಸಿದರು. ಊರಾದ ಮುರುಡದಲ್ಲಿ ದಂಪತಿಗೆ ಬಹಿಷ್ಕಾರ ಕಾದಿತ್ತು.

ಕರ್ವೆಯವರು 1896ರಲ್ಲಿ ವಿಧವೆಯರ ಆಶ್ರಮಕ್ಕೆಂದು ಸಂಸ್ಥೆ ಕಟ್ಟಿದರು. 1900ರಲ್ಲಿ ಕೋಥರೂಡದ ನೆರೆಯ ಹಿಂಗಣೆಯ ಒಂದು ಗುಡಿಸಲಿಗೆ ಆಶ್ರಮ ಬಂದಿತು. ಕಾಲೇಜಿನ ಪಾಠ ಮುಗಿಸಿ ಅವರು ಅಲ್ಲಿಗೆ ಕಾಲ್ನಡಿಗೆಯಲ್ಲಿ ಹೋಗುತ್ತಿದ್ದರು. ಬಾಲ್ಯ ಕಳೆದುಕೊಂಡವರು ಅಲ್ಲಿ ತಡವಾಗಿ ಪಾಟಿ ಹಿಡಿದರು. ಮುಂದೆ ತಾವೇ ಕಲಿಸುವವರಾದರು. ತಪ್ಪಿಹೋದ ಹಂತಗಳು ಹೀಗೆ ಅವರಿಗೆ ಮರಳಿ ದೊರೆತವು. 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯ ಹುಟ್ಟಿತು.

ಆನಂದೀಬಾಯಿ ಎಂಬ ಹೊಸ ಹೆಸರಿನಲ್ಲಿ ಬಾಳಿದ ಗೋದೂಬಾಯಿ ಇಳಿವಯಸ್ಸಿನಲ್ಲಿ ಮರಾಠಿಯಲ್ಲಿ ತಮ್ಮ ಕಥೆಯನ್ನು ಬರೆದು ಅದಕ್ಕೆ ‘ಮಾಝೇ ಪುರಾಣ’ವೆಂದು ಹೆಸರಿಟ್ಟರು. ಕರ್ವೆಯವರಾದರೋ 78ನೆಯ ವಯಸ್ಸಿನಲ್ಲಿ ಹಳ್ಳಿಗಳ ಪ್ರಾಥಮಿಕ ಶಿಕ್ಷಣಕ್ಕಾಗಿ ಹೊಸ ಸಂಸ್ಥೆಯನ್ನು ಆರಂಭಿಸಿದರು. 1958ರಲ್ಲಿ, ನೂರು ತುಂಬಿದಾಗ, ಭಾರತರತ್ನ ಬಂದಿತು.

1962ರಲ್ಲಿ ಎರಿಕ್ಸನ್ ಮಾನವಜೀವನಚಕ್ರದ ವಿಚಾರಗೋಷ್ಠಿಗಾಗಿ ಅಹಮದಾಬಾದಿಗೆ ಬಂದರು. ಅದೇ ವರ್ಷದ ನವೆಂಬರ್ 9ರಂದು, 104ರ ಕರ್ವೆಯವರು ಪುಣೆಯಲ್ಲಿ ತೀರಿಕೊಂಡರು. ಇಬ್ಬರೂ ಭೇಟಿಯಾಗಿದ್ದರೆ ಎಂದು ಊಹಿಸುವುದು ನಮಗೆ ಇಷ್ಟ. ವಯಸ್ಸು ತಾನಾಗಿ ಏರುತ್ತದೆ. ಹಂತವನ್ನು ಮಾತ್ರ ಯಾರಾದರೂ ಕಟ್ಟಿಕೊಡಬೇಕು ಎಂಬುದಕ್ಕೆ ಹಿಂಗಣೆಯೇ ಸಾಕ್ಷಿ.