ರಸ್ತೆ ನಮ್ಮೂರಿನದು, ದಾಟುವ ಜಾಗ ಯಾರದು?

ಶಾಲೆ ಮಕ್ಕಳು ಹೆದ್ದಾರಿ ದಾಟುವ ಕಡೆ ನಾಲ್ಕು ಬಿಳಿ ಪಟ್ಟೆ ಬಳಿಸಿ, ಒಂದು ಹಂಪ್ ಹಾಕಿಸಿ ಎಂದು ಪಟ್ಟಣ ಪಂಚಾಯಿತಿ ಸಭೆಯಲ್ಲಿ ಯಾರೋ ಒಬ್ಬ ಸದಸ್ಯರು ಕೇಳುತ್ತಾರೆ. ಬೇಡ ಎನ್ನುವವರು ಯಾರೂ ಇರುವುದಿಲ್ಲ. ಠರಾವು ಪಾಸಾಗಿ ನಡಾವಳಿ ಪುಸ್ತಕ ಸೇರುತ್ತದೆ. ಪಟ್ಟೆ ಮಾತ್ರ ಬೀಳುವುದಿಲ್ಲ. ಊರ ನಡುವೆಯೇ ಹಾದುಹೋದರೂ ಆ ರಸ್ತೆ ಪಂಚಾಯಿತಿಯದಲ್ಲ. ರಾಜ್ಯ ಹೆದ್ದಾರಿಯಾದರೆ ಲೋಕೋಪಯೋಗಿ ಇಲಾಖೆಯದು, ರಾಷ್ಟ್ರೀಯ ಹೆದ್ದಾರಿಯಾದರೆ ಕೇಂದ್ರದ್ದು.

ನಮ್ಮ ಸೀಮೆಯಲ್ಲಿ ಮೊದಲು ಹೀಗಿರಲಿಲ್ಲ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಭಾಗವನ್ನು ಶಾಸನಗಳು ಕೋಗಳಿ ಐನೂರು ಎಂದು ಕರೆಯುತ್ತವೆ. ಅದು ನೊಳಂಬವಾಡಿ ಮೂವತ್ತೆರಡು ಸಾಸಿರದ ಒಂದು ಭಾಗ. ಚಾಲುಕ್ಯರ ಕಾಲದ ಶಾಸನಗಳಲ್ಲಿ ಹೆಜ್ಜುಂಕ, ವಡ್ಡರಾವುಳ ಎಂಬ ಸುಂಕಗಳ ಹೆಸರು ಬರುತ್ತದೆ. ದಾರಿಯಲ್ಲಿ ಹೋಗುವ ಸರಕು ಸುಂಕ ಕೊಟ್ಟೇ ಮುಂದೆ ಹೋಗಬೇಕಿತ್ತು. ಅದರ ಒಂದು ಪಾಲನ್ನು ಗುಡಿಗೋ ಕೆರೆಗೋ ಬಿಟ್ಟುಕೊಟ್ಟ ದಾಖಲೆಗಳು ಕಲ್ಲಿನ ಮೇಲೆ ಇವೆ. ಬಾಗಳಿಯಂಥ ಅಗ್ರಹಾರದಲ್ಲಿ ಊರಿನ ವ್ಯವಹಾರ ನೋಡುತ್ತಿದ್ದವರು ಮಹಾಜನರು. ಆ ಸಭೆಯಲ್ಲಿ ಎಲ್ಲರಿಗೂ ಜಾಗ ಇರಲಿಲ್ಲ, ಅದನ್ನು ಮರೆಯಬಾರದು. ಆದರೂ ತೀರ್ಮಾನ ಮಾಡುವವರು ಅದೇ ದಾರಿಯಲ್ಲಿ ಓಡಾಡುವವರಾಗಿದ್ದರು. ಊರ ಅಗಸೆಗೆ ಬಂದ ಗಾಡಿ ತಾನಾಗಿ ನಿಧಾನವಾಗುತ್ತಿತ್ತು. ಅಗಸೆಯೇ ನಮ್ಮ ಹಳೇ ಸ್ಪೀಡ್ ಬ್ರೇಕರ್ ಅನ್ನಬಹುದು.

1800ರಲ್ಲಿ ನಿಜಾಮರು ಈ ಸೀಮೆಯನ್ನು ಕಂಪನಿ ಸರ್ಕಾರಕ್ಕೆ ಬಿಟ್ಟುಕೊಟ್ಟರು, ನಾವು ಮದರಾಸಿನ ಕೈಗೆ ಹೋದೆವು. 1882ರಲ್ಲಿ ವೈಸರಾಯ್ ರಿಪ್ಪನ್ ಸ್ಥಳೀಯ ಆಡಳಿತದ ಬಗ್ಗೆ ನಿರ್ಣಯ ಹೊರಡಿಸಿದ ಮೇಲೆ 1884ರಲ್ಲಿ ಮದರಾಸ್ ಲೋಕಲ್ ಬೋರ್ಡ್ಸ್ ಕಾಯ್ದೆ ಬಂತು. ಜಿಲ್ಲೆಗೆ ಜಿಲ್ಲಾ ಬೋರ್ಡ್, ಅದರ ಕೆಳಗೆ ತಾಲ್ಲೂಕು ಬೋರ್ಡ್, ದೊಡ್ಡ ಊರುಗಳಿಗೆ ಯೂನಿಯನ್ ಪಂಚಾಯತಿ. ಮನೆ ಕಂದಾಯ ವಸೂಲಿ ಮಾಡಿ ಬೀದಿ, ದೀಪ, ಚರಂಡಿ ನೋಡಿಕೊಳ್ಳುವುದು ಯೂನಿಯನ್ ಕೆಲಸ. ಊರೂರು ಜೋಡಿಸುವ ರಸ್ತೆಗಳು ಬೋರ್ಡಿನ ಪಾಲಿಗೆ ಬಂದವು. ಬೋರ್ಡಿನ ಅಧ್ಯಕ್ಷರು ಕಲೆಕ್ಟರ್ ಸಾಹೇಬರೇ. ಆದರೂ ಆ ರಸ್ತೆಯ ಟೋಲ್ ಗೇಟಿನ ದುಡ್ಡು ಬೋರ್ಡಿಗೇ ಸೇರುತ್ತಿತ್ತು.

ಮೋಟಾರು ಬಂದಾಗ ಲೆಕ್ಕ ಬದಲಾಯಿತು. 1931ರ ಮದರಾಸ್ ಮೋಟಾರು ವಾಹನ ತೆರಿಗೆ ಕಾಯ್ದೆ ಟೋಲ್ ಗೇಟುಗಳನ್ನು ತೆಗೆಸಿತು. ತೆರಿಗೆ ನೇರ ಸರ್ಕಾರಕ್ಕೆ ಹೋಯಿತು, ಬೋರ್ಡುಗಳಿಗೆ ಪರಿಹಾರದ ಹಣ ಬಂತು. 1946ರಲ್ಲಿ ಮದರಾಸಿನಲ್ಲಿ ಹೆದ್ದಾರಿಗೇ ಬೇರೆ ಇಲಾಖೆ ಹುಟ್ಟಿತು. 1953ರ ಅಕ್ಟೋಬರ್ 1ರಂದು ನಮ್ಮ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದವು. 1964ರಲ್ಲಿ ಪುರಸಭೆ ಕಾಯ್ದೆಯೂ ಬಂತು, ಹೆದ್ದಾರಿ ಕಾಯ್ದೆಯೂ ಬಂತು. ಬೈಲಾ ಮಾಡುವ ಅಧಿಕಾರ ಪುರಸಭೆಗೆ, ಹೆದ್ದಾರಿ ಇಲಾಖೆಗೆ! ಹೊಸಪೇಟೆ–ಶಿವಮೊಗ್ಗ ರಾಜ್ಯ ಹೆದ್ದಾರಿ ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಎರಡನ್ನೂ ಹಾದುಹೋಗುತ್ತದೆ. ಅದರ ಅಕ್ಕಪಕ್ಕದ ಚರಂಡಿ, ಬೀದಿದೀಪಕ್ಕೆ ಊರಿನವರು ಪುರಸಭೆಯನ್ನೇ ಕೇಳುತ್ತಾರೆ. ನಡುವಿನ ಡಾಂಬರಿನ ಮೇಲೆ ಪುರಸಭೆ ಒಂದು ಗೆರೆ ಎಳೆಯಬೇಕಾದರೂ ಇನ್ನೊಬ್ಬರನ್ನು ಕೇಳಬೇಕು.

ರಸ್ತೆಯ ಮಾಲೀಕತ್ವ ಬದಲಾಯಿಸಲು ಬರುವುದೇ ಇಲ್ಲವೇ? ಬರುತ್ತದೆ. ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯದಂಗಡಿ ಇರಬಾರದು ಎಂದು 2016ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮರುವರ್ಷವೇ ಊರೊಳಗಿನ ಹೆದ್ದಾರಿಗಳ ಪಟ್ಟ ಕಳಚಿ ಸ್ಥಳೀಯ ರಸ್ತೆ ಎಂದು ಘೋಷಿಸಲು ಹಲವು ರಾಜ್ಯಗಳು ಓಡಾಡಿದವು. ನಮ್ಮ ಸರ್ಕಾರವೂ ಕೇಂದ್ರಕ್ಕೆ ಬರೆಯಿತು. ಬಾಟಲಿಗಾಗಿ ನಡೆದ ಆ ಓಡಾಟ ಶಾಲೆ ಮಕ್ಕಳಿಗಾಗಿ ನಡೆದದ್ದು ನಾವಂತೂ ಕಂಡಿಲ್ಲ.

ಬಿಳಿ ಪಟ್ಟೆಯ ಕಥೆ ಇಂಗ್ಲೆಂಡಿನದು. ಅಲ್ಲಿ 1930ರ ದಶಕದಲ್ಲಿ ದಾಟುವ ಜಾಗಕ್ಕೆ ಕಿತ್ತಳೆ ಬಣ್ಣದ ಗೋಳದ ಕಂಬ ನೆಟ್ಟಿದ್ದರು. ಡ್ರೈವರುಗಳು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. 1951ರಲ್ಲಿ ಕಪ್ಪು ಬಿಳಿ ಪಟ್ಟೆ ಬಂತು, ಅದರ ಹಿಂದೆ ಕಾನೂನೂ ಬಂತು: ಪಟ್ಟೆಯ ಮೇಲೆ ಕಾಲಿಟ್ಟವರಿಗೆ ಗಾಡಿ ನಿಲ್ಲಬೇಕು. ನಮ್ಮಲ್ಲೂ 1989ರ ರಸ್ತೆ ನಿಯಮ, ಆಮೇಲೆ 2017ರ ಚಾಲನಾ ನಿಯಮ ಹೆಚ್ಚುಕಡಿಮೆ ಇದನ್ನೇ ಹೇಳುತ್ತವೆ. ಪಟ್ಟೆಯೇ ಇಲ್ಲದ ಊರಿನಲ್ಲಿ ನಿಯಮ ಎಲ್ಲಿ ನಿಲ್ಲಬೇಕು? ಅದಕ್ಕೇ ಅಪಘಾತವಾದ ಮೇಲೆ ಜನ ತಾವೇ ಮಣ್ಣು ಕಲ್ಲು ಸುರಿದು ಉಬ್ಬು ಮಾಡುತ್ತಾರೆ. ರಾತ್ರಿ ಬರುವ ಬೈಕಿನವರು ಅದರ ಮೇಲೇ ಬೀಳುತ್ತಾರೆ.

2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 32,825 ಜನ ನಡೆದು ಹೋಗುತ್ತಿದ್ದವರು. ನಮ್ಮ ಕಡೆ ನಡೆಯುವವರು ಊರೊಳಗೆ ಮಾತ್ರ ಇರುವುದಿಲ್ಲ. ಕೊಟ್ಟೂರೇಶ್ವರನ ತೇರಿಗೆ ದಾವಣಗೆರೆ, ಹರಪನಹಳ್ಳಿ ಕಡೆಯಿಂದ ಸಾವಿರಾರು ಜನ ಪಾದಯಾತ್ರೆ ಬರುತ್ತಾರೆ. ಹುಲಿಗೆಮ್ಮನ ಹುಣ್ಣಿಮೆಗೆ, ಮೈಲಾರದ ಕಾರಣಿಕಕ್ಕೆ ಹೋಗುವವರೂ ಇದೇ ರಸ್ತೆಗಳ ಅಂಚಿನಲ್ಲಿ ಕತ್ತಲಲ್ಲಿ ನಡೆಯುತ್ತಾರೆ.

2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಎರಡು ಮುಖ್ಯ ಮಾತು ಸೇರಿದವು. ಪಾದಚಾರಿಗಳ ಬಗ್ಗೆ ರಾಜ್ಯಗಳು ನಿಯಮ ಮಾಡಬೇಕು ಎನ್ನುವುದು ಒಂದು. ರಸ್ತೆ ವಿನ್ಯಾಸ, ನಿರ್ವಹಣೆಯ ಮಾನದಂಡ ಮೀರಿ ಸಾವು ನೋವಾದರೆ ಹೊಣೆ ಹೊತ್ತ ಪ್ರಾಧಿಕಾರಕ್ಕೋ ಗುತ್ತಿಗೆದಾರರಿಗೋ 1 ಲಕ್ಷದವರೆಗೆ ದಂಡ ಎನ್ನುವುದು ಇನ್ನೊಂದು. ಮೊದಲನೆಯದನ್ನು ಆರು ತಿಂಗಳಲ್ಲಿ ಮಾಡಿ ಮುಗಿಸಿ ಎಂದು 2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಹೇಳಿತು.

ಹಾಗಾದರೆ ಠರಾವು ದಂಡವೇ? ಅಲ್ಲ. ಆದರೆ ಅದು ಪುಸ್ತಕದಲ್ಲೇ ಉಳಿಯಬಾರದು. ಯಾವ ರಸ್ತೆ, ಯಾವ ಶಾಲೆ ಮುಂದೆ, ಎಷ್ಟು ಹೊತ್ತಿಗೆ ಎಷ್ಟು ಮಕ್ಕಳು ದಾಟುತ್ತಾರೆ ಎಂದು ಬರೆದ ಪ್ರತಿ ಲೋಕೋಪಯೋಗಿ ಇಲಾಖೆಗೆ ಹೋಗಬೇಕು. ವೇಗದ ಮಿತಿಗೆ ಅಧಿಸೂಚನೆ ಬೇಕಿದ್ದರೆ ಇನ್ನೊಂದು ಪ್ರತಿ ಜಿಲ್ಲಾಧಿಕಾರಿಗೆ. ಹಳ್ಳಿಯಾದರೆ ಗ್ರಾಮಸಭೆಯ ನಡಾವಳಿಯನ್ನು ಪಿಡಿಒ ಕಡೆಯಿಂದ ಕಳಿಸಬಹುದು. ಕಳಿಸಿದ ಮೇಲೆ ಸ್ವೀಕೃತಿ ಕೇಳಿ ಇಟ್ಟುಕೊಳ್ಳಿ, ಮುಂದಿನ ಸಭೆಯಲ್ಲಿ ಏನಾಯಿತು ಎಂದು ಕೇಳುವಾಗ ಅದು ಕೈಯಲ್ಲಿರಬೇಕು.