ಗಡಿಯಾಚೆಯ ಸ್ವಯಂಸೇವೆ: ಬಡತನದ ಎದುರು ಯುವಜನರ ಒಂದು ಶತಮಾನ

ಬಡತನವಿರುವ ಊರಿಗೆ ಬೇರೆ ದೇಶದ ಯುವಕ ಯುವತಿಯರು ಬಂದು, ಸಂಬಳವಿಲ್ಲದೆ ಇಲ್ಲವೇ ಅಲ್ಪ ಸಂಬಳಕ್ಕೆ ಕೆಲವು ವಾರವೋ ಒಂದೆರಡು ವರ್ಷವೋ ದುಡಿದು ಹೋಗುವ ಪದ್ಧತಿಗೆ ನೂರು ವರ್ಷ ತುಂಬಿದೆ. ಮಿಷನರಿಗಳ ಸೇವೆ ಇದಕ್ಕಿಂತ ಬಹಳ ಹಳೆಯದು. ಆದರೆ ಮತಪ್ರಚಾರದ ಗುರಿಯಿಲ್ಲದ, ಸಂಘಟಿತವಾದ ಸ್ವಯಂಸೇವೆ ಹುಟ್ಟಿದ್ದು ಮೊದಲ ಮಹಾಯುದ್ಧದ ಬೂದಿಯಲ್ಲಿ. ವೆರ್ದೂನ್ ಕದನದಲ್ಲಿ ನೆಲಸಮವಾಗಿದ್ದ ಫ್ರಾನ್ಸಿನ ಎಸ್ನ್ ಎಂಬ ಹಳ್ಳಿಗೆ ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಪಿಯರ್ ಸೆರೆಸೋಲ್ 1920ರ ಕೊನೆಯಲ್ಲಿ ಹಲವು ದೇಶಗಳ ಬೆರಳೆಣಿಕೆಯ ಸಂಗಡಿಗರೊಂದಿಗೆ ಬಂದರು. ಮರದ ಮನೆಗಳನ್ನು ಕಟ್ಟಿದರು, ಶೆಲ್ ಬಿದ್ದು ಹೊಂಡವಾಗಿದ್ದ ಹೊಲಗಳನ್ನು ಮಟ್ಟ ಮಾಡಿದರು, ರಸ್ತೆ ಸರಿಪಡಿಸಿದರು. ತಂಡದಲ್ಲಿ ಜರ್ಮನರೂ ಇದ್ದರು. ನಿನ್ನೆಯ ಶತ್ರು ಇಂದು ಸಲಿಕೆ ಹಿಡಿದು ಬಂದದ್ದು ಎಲ್ಲರಿಗೂ ಹಿಡಿಸಲಿಲ್ಲ. ಮುಂದಿನ ವಸಂತಕ್ಕೆ ಶಿಬಿರ ಮುಚ್ಚಿತು.

ಶಿಬಿರ ಮುಚ್ಚಿದರೂ ಅದರಿಂದ ಹುಟ್ಟಿದ ಸರ್ವೀಸ್ ಸಿವಿಲ್ ಇಂಟರ್‌ನ್ಯಾಷನಲ್ (ಎಸ್‌ಸಿಐ) ಉಳಿಯಿತು. 1928ರಲ್ಲಿ ನೆರೆಯಿಂದ ಹಾಳಾಗಿದ್ದ ಲಿಕ್ಟೆನ್‌ಸ್ಟೈನ್ ದೇಶದಲ್ಲಿ 700ಕ್ಕೂ ಹೆಚ್ಚು ಜನ ಅದರ ಮೂಲಕ ಶ್ರಮದಾನ ಮಾಡಿದರು. 1931ರಲ್ಲಿ ವೇಲ್ಸಿನ ಬ್ರಿನ್‌ಮಾರ್ ಶಿಬಿರ ನಡೆಯಿತು. ಅಲ್ಲಿ ಯುದ್ಧವೂ ಇರಲಿಲ್ಲ, ಪ್ರವಾಹವೂ ಇರಲಿಲ್ಲ. ಗಣಿಗಳು ಮುಚ್ಚಿ ಊರಿಗೆ ಊರೇ ಕೆಲಸವಿಲ್ಲದೆ ಕೂತಿತ್ತು. ಶಿಬಿರದವರು ಊರಿನವರ ಜೊತೆ ಸೇರಿ ಈಜುಕೊಳ ತೋಡಿದರು. ಆಕಸ್ಮಿಕ ವಿಪತ್ತಿಗೆ ನೆರವಾಗುವುದರಿಂದ ಬೇರೂರಿದ ಬಡತನದ ಕಡೆಗೆ ಸ್ವಯಂಸೇವೆ ತಿರುಗಿದ್ದು ಇಲ್ಲಿಂದ ಎನ್ನಬಹುದು. ಹಸಿದ ಊರಿಗೆ ಈಜುಕೊಳ ಯಾಕೆ ಎಂದು ಕೇಳುವವರಿಗೆ ಉತ್ತರ ಕಾಲು ಶತಮಾನದ ನಂತರ ಪ್ಯಾರಿಸಿನ ಹೊರವಲಯದಲ್ಲಿ ಸಿಕ್ಕಿತು.

ಯುರೋಪಿನಾಚೆಗೆ ಎಸ್‌ಸಿಐ ಇಟ್ಟ ಮೊದಲ ಹೆಜ್ಜೆ ಭಾರತಕ್ಕೆ. 1934ರ ಜನವರಿ 15ರ ಬಿಹಾರ ಭೂಕಂಪದ ನಂತರ ಸೆರೆಸೋಲ್ ಅಲ್ಲಿಗೆ ಬಂದು, ಪರಿಹಾರ ಕಾರ್ಯದ ಹೊಣೆ ಹೊತ್ತಿದ್ದ ರಾಜೇಂದ್ರ ಪ್ರಸಾದರೊಂದಿಗೆ ಕೈಜೋಡಿಸಿದರು. ಭೂಕಂಪದಿಂದ ನೆಲದ ಮಟ್ಟವೇ ಬದಲಾಗಿ ನೀರು ನುಗ್ಗುತ್ತಿದ್ದ ಹಳ್ಳಿಗಳನ್ನು ಎತ್ತರದ ಜಾಗದಲ್ಲಿ ಮರಳಿ ಕಟ್ಟುವ ಕೆಲಸ 1937ರವರೆಗೆ ಸಾಗಿತು. ಆಳುವವರ ಬಣ್ಣದ ಜನ ಮಣ್ಣು ಹೊರುವುದನ್ನು ಅಲ್ಲಿನ ರೈತರು ಅದುವರೆಗೆ ಕಂಡಿರಲಿಕ್ಕಿಲ್ಲ.

ಎರಡನೆಯ ಮಹಾಯುದ್ಧದ ನಂತರ ಇಂಥ ಶಿಬಿರಗಳು ಯುರೋಪಿನ ತುಂಬ ಹಬ್ಬಿದವು. ಅವನ್ನು ಹೊಂದಿಸಲು 1948ರಲ್ಲಿ ಯುನೆಸ್ಕೋ ಆಶ್ರಯದಲ್ಲಿ ಒಂದು ಸಮನ್ವಯ ಸಮಿತಿ ಬಂತು. ವಸಾಹತುಗಳು ಒಂದೊಂದಾಗಿ ಸ್ವತಂತ್ರವಾಗುತ್ತಿದ್ದಂತೆ ಬೇಡಿಕೆಯ ಸ್ವರೂಪ ಬದಲಾಯಿತು. ಹೊಸ ದೇಶಗಳಿಗೆ ಸಲಿಕೆಗಿಂತ ಶಿಕ್ಷಕರು, ದಾದಿಯರು, ತಂತ್ರಜ್ಞರು ಬೇಕಿದ್ದರು. 1951ರಲ್ಲಿ ಇಂಡೊನೇಷ್ಯಾಕ್ಕೆ ಹೋದ ಆಸ್ಟ್ರೇಲಿಯಾದ ಪದವೀಧರ ಹರ್ಬ್ ಫೀತ್ ಅಲ್ಲಿನ ಸರ್ಕಾರಿ ಕಚೇರಿಯಲ್ಲಿ, ಅಲ್ಲಿನ ನೌಕರರಿಗೆ ಸಿಗುವಷ್ಟೇ ಸಂಬಳಕ್ಕೆ ಕೆಲಸ ಮಾಡಿದರು. ಅವರ ಹಿಂದೆ ಇನ್ನಷ್ಟು ಪದವೀಧರರು ಅದೇ ಷರತ್ತಿನ ಮೇಲೆ ಹೋದರು. ಸ್ಥಳೀಯರ ಸಂಬಳದಲ್ಲಿ ಸ್ಥಳೀಯರಂತೆ ಬದುಕಬೇಕೆಂಬ ನಿಯಮ ಮುಂದೆ ಈ ಕ್ಷೇತ್ರದ ಬಹುತೇಕ ಸಂಸ್ಥೆಗಳಿಗೆ ಮಾದರಿಯಾಯಿತು.

ಬ್ರಿಟನ್ನಿನಲ್ಲಿ ಅಲೆಕ್ ಡಿಕ್ಸನ್ ಮತ್ತು ಅವರ ಪತ್ನಿ ಮೋರಾ 1958ರಲ್ಲಿ ವಾಲಂಟರಿ ಸರ್ವೀಸ್ ಓವರ್‌ಸೀಸ್ (ವಿಎಸ್‌ಒ) ಎಂಬ ಸಂಸ್ಥೆ ಆರಂಭಿಸಿದರು. ಕಡ್ಡಾಯ ಸೇನಾಸೇವೆ ಮುಗಿಯುವ ಕಾಲ ಬಂದಿತ್ತು. ಶಾಲೆ ಮುಗಿಸಿ ವಿಶ್ವವಿದ್ಯಾಲಯ ಸೇರುವ ಮುನ್ನ ಹುಡುಗರಿಗೆ ಒಂದು ವರ್ಷ ಬಿಡುವು ಸಿಗುವಂತಿತ್ತು. ಹದಿನೆಂಟರ ಹುಡುಗನಿಂದ ಏನು ಸಾಧ್ಯ ಎಂಬ ಪ್ರಶ್ನೆಗೆ, ಬೋರ್ನಿಯೊ ದ್ವೀಪದ ಸರವಾಕ್ ಅಥವಾ ಘಾನಾದ ಹಳ್ಳಿಯಲ್ಲಿ ತನ್ನ ವಯಸ್ಸಿನವರ ಜೊತೆ ಬೆರೆಯುವುದು ಅವನಿಗೆ ಅಧಿಕಾರಿಗಿಂತ ಸುಲಭ ಎಂಬುದು ಡಿಕ್ಸನ್ನರ ಉತ್ತರವಾಗಿತ್ತು. ಆದರೆ ಆತಿಥೇಯ ದೇಶಗಳು ತರಬೇತಿ ಪಡೆದವರನ್ನೇ ಕೇಳತೊಡಗಿದವು. 1962ರಿಂದ ಪದವೀಧರರು ಬಂದರು, ಆಮೇಲೆ ಅನುಭವಿ ವೃತ್ತಿಪರರು. ಕೆಲವು ದಶಕಗಳಲ್ಲಿ ವಿಎಸ್‌ಒ ಸ್ವಯಂಸೇವಕರ ಸರಾಸರಿ ವಯಸ್ಸು ಮೂವತ್ತು ದಾಟಿತು.

ಅಮೆರಿಕದ ಕಥೆ ಇನ್ನಷ್ಟು ದೊಡ್ಡದು. 1960ರ ಅಕ್ಟೋಬರ್ 14ರ ನಡುರಾತ್ರಿ ಕಳೆದು ಎರಡು ಗಂಟೆಯ ಹೊತ್ತಿಗೆ ಮಿಷಿಗನ್ ವಿಶ್ವವಿದ್ಯಾಲಯದ ಮೆಟ್ಟಿಲ ಮೇಲೆ ನಿಂತು, ಚುನಾವಣಾ ಪ್ರಚಾರದಲ್ಲಿದ್ದ ಜಾನ್ ಕೆನಡಿ, ಘಾನಾದಂಥ ದೇಶದಲ್ಲಿ ದುಡಿಯಲು ನಿಮ್ಮಲ್ಲಿ ಎಷ್ಟು ಜನ ಸಿದ್ಧ ಎಂದು ವಿದ್ಯಾರ್ಥಿಗಳನ್ನು ಕೇಳಿದರು. 1961ರ ಮಾರ್ಚ್ 1ರಂದು ಪೀಸ್ ಕೋರ್ ಸ್ಥಾಪನೆಯಾಯಿತು. ಶೀತಲ ಸಮರದಲ್ಲಿ ಮೂರನೆಯ ಜಗತ್ತಿನ ಮನ ಗೆಲ್ಲುವ ಲೆಕ್ಕಾಚಾರವೂ ಇದರ ಹಿಂದಿತ್ತು. 1966ರ ಹೊತ್ತಿಗೆ 15,000ಕ್ಕೂ ಹೆಚ್ಚು ಸ್ವಯಂಸೇವಕರಿದ್ದರು; ಆ ಸಂಖ್ಯೆಯನ್ನು ಸಂಸ್ಥೆ ಮತ್ತೆ ಮುಟ್ಟಲಿಲ್ಲ. ಮೊದಲ ವರ್ಷವೇ ಒಂದು ಪೋಸ್ಟ್‌ಕಾರ್ಡ್ ಎಲ್ಲವನ್ನೂ ಬುಡಮೇಲು ಮಾಡುವಂತಿತ್ತು. ನೈಜೀರಿಯಾದ ಇಬಾದಾನ್‌ನಲ್ಲಿದ್ದ ಸ್ವಯಂಸೇವಕಿಯೊಬ್ಬರು ಊರಿನ ಕೊಳಕಿನ ಬಗ್ಗೆ ಗೆಳೆಯನಿಗೆ ಬರೆದ ಕಾರ್ಡು ದಾರಿಯಲ್ಲಿ ಬಿದ್ದು ಅಲ್ಲಿನ ವಿದ್ಯಾರ್ಥಿಗಳ ಕೈಗೆ ಸಿಕ್ಕಿತು. ಪ್ರತಿಗಳಾಗಿ ಹರಡಿ ಪ್ರತಿಭಟನೆ ನಡೆಯಿತು. ಆಕೆ ಊರಿಗೆ ಮರಳಬೇಕಾಯಿತು. ನೆರವು ಪಡೆಯುವವರು ನೆರವಾಗುವವರನ್ನು ಗಮನಿಸುತ್ತಲೇ ಇರುತ್ತಾರೆಂಬುದು ಆಗ ಸಂಸ್ಥೆಗೆ ತಟ್ಟಿತು.

ಭಾರತಕ್ಕೆ ಪೀಸ್ ಕೋರ್‌ನ ಮೊದಲ ತಂಡ 1961ರ ಡಿಸೆಂಬರಿನಲ್ಲಿ ಪಂಜಾಬಿಗೆ ಬಂತು. 1976ರಲ್ಲಿ ಕಾರ್ಯಕ್ರಮ ನಿಲ್ಲುವವರೆಗೆ ಅಂದಿನ ಮೈಸೂರು ರಾಜ್ಯವೂ ಸೇರಿ ಹಲವೆಡೆ 4,000ಕ್ಕೂ ಹೆಚ್ಚು ಜನ ಕೋಳಿ ಸಾಕಣೆ, ಕೃಷಿ, ಆರೋಗ್ಯ, ಶಾಲೆಗಳಲ್ಲಿ ಕೆಲಸ ಮಾಡಿದರು. ಸಾಹಿತ್ಯ, ಇತಿಹಾಸ ಓದಿದ ಪದವೀಧರರು ಕೆಲವು ತಿಂಗಳ ತರಬೇತಿ ಮುಗಿಸಿ ರೈತರಿಗೆ ಕೋಳಿ ಸಾಕುವುದನ್ನು ಹೇಳಿಕೊಡಲು ಬಂದದ್ದು ಆಗಲೇ ಟೀಕೆಗೆ ಗುರಿಯಾಗಿತ್ತು. ಯುವಜನರ ಸಂಸ್ಥೆಯೆನಿಸಿದರೂ ಅದರ ಅತ್ಯಂತ ಹೆಸರಾದ ಭಾರತದ ಸ್ವಯಂಸೇವಕಿ ಅರವತ್ತೆಂಟರ ದಾದಿ ಲಿಲಿಯನ್ ಕಾರ್ಟರ್. ಮುಂದೆ ಅಮೆರಿಕದ ಅಧ್ಯಕ್ಷರಾದ ಜಿಮ್ಮಿ ಕಾರ್ಟರ್‌ರ ತಾಯಿ ಮುಂಬೈ ಬಳಿಯ ವಿಕ್ರೋಲಿಯಲ್ಲಿ ದುಡಿದರು.

ಜರ್ಮನಿ 1963ರಲ್ಲಿ, ಜಪಾನ್ 1965ರಲ್ಲಿ ತಮ್ಮ ತಮ್ಮ ಸರ್ಕಾರಿ ದಳಗಳನ್ನು ಕಟ್ಟಿದವು. ವಿಶ್ವಸಂಸ್ಥೆಯ ಸ್ವಯಂಸೇವಕ ದಳ 1970ರಲ್ಲಿ ಬಂತು. ಅರವತ್ತರ ದಶಕದಲ್ಲೇ ಅತಿ ಕಟುವಾದ ವಿಮರ್ಶೆಯೂ ಹೊರಬಿತ್ತು. 1968ರ ಏಪ್ರಿಲ್‌ನಲ್ಲಿ ಮೆಕ್ಸಿಕೊದ ಕುಯೆರ್ನವಾಕಾದಲ್ಲಿ ಚಿಂತಕ ಇವಾನ್ ಇಲಿಚ್, ಅಲ್ಲಿನ ಹಳ್ಳಿಗಳಿಗೆ ಸೇವೆಗೆಂದು ಬಂದಿದ್ದ ಅಮೆರಿಕದ ವಿದ್ಯಾರ್ಥಿಗಳ ಎದುರೇ ನಿಂತು, ಒಳ್ಳೆಯ ಉದ್ದೇಶ ಮಾತ್ರ ಸಾಲದು, ಭಾಷೆಯೂ ಬಾರದ ನೀವು ಇಲ್ಲಿ ಹೇರುವುದು ನಿಮ್ಮ ಮಧ್ಯಮವರ್ಗದ ಜೀವನಕ್ರಮವನ್ನೇ ಎಂಬರ್ಥದ ಮಾತಾಡಿದರು. ನೋಡಲು ಬನ್ನಿ, ಕಲಿಯಲು ಬನ್ನಿ, ಸಹಾಯ ಮಾಡಲು ಬರಬೇಡಿ ಎಂಬುದು ಅವರ ವಾದದ ತಿರುಳು. ಇಂದಿಗೂ ಸ್ವಯಂಸೇವಕರ ತರಬೇತಿಯಲ್ಲಿ ಆ ಭಾಷಣವನ್ನು ಓದಿಸುತ್ತಾರೆ.

ಇಲಿಚ್ ಎತ್ತಿದ ಪ್ರಶ್ನೆಗೆ ಒಂದು ಉತ್ತರ ಆ ವೇಳೆಗಾಗಲೇ ಬಡ ದೇಶವೊಂದರಲ್ಲಲ್ಲ, ಪ್ಯಾರಿಸಿನ ಪಕ್ಕದ ನ್ವಾಸಿ-ಲ-ಗ್ರಾಂನಲ್ಲಿ ರೂಪುಗೊಳ್ಳುತ್ತಿತ್ತು. ಮನೆಯಿಲ್ಲದ 250ರಷ್ಟು ಕುಟುಂಬಗಳು ಅಲ್ಲಿ ಕೆಸರಿನ ನಡುವೆ, ಅರ್ಧ ಕೊಳವೆಯಾಕಾರದ ಗುಡಿಸಲುಗಳಲ್ಲಿ ವಾಸವಾಗಿದ್ದವು. 1956ರಲ್ಲಿ ಬಂದ ಪಾದ್ರಿ ಜೋಸೆಫ್ ವ್ರೆಸಿನ್ಸ್ಕಿ ತಾವೂ ಕಡುಬಡತನದಲ್ಲಿ ಬೆಳೆದವರು. ದಾನಿಗಳು ಸೂಪು ಹಂಚುವುದನ್ನು ಅವರು ನಿಲ್ಲಿಸಿದರು. ಬದಲಿಗೆ ಗ್ರಂಥಾಲಯ, ಶಿಶುವಿಹಾರ, ಹೆಂಗಸರಿಗೆ ಕೇಶಾಲಂಕಾರದ ಕೋಣೆ ತೆರೆದರು. ಅವಮಾನ ಹಸಿವಿಗಿಂತ ಚಿಕ್ಕ ಕಷ್ಟವಲ್ಲ ಎಂಬ ತಿಳಿವಳಿಕೆ ಇದರ ಹಿಂದಿತ್ತು; ಬ್ರಿನ್‌ಮಾರ್‌ನ ಈಜುಕೊಳದ ಪ್ರಶ್ನೆಗೂ ಉತ್ತರ ಇದೇ. 1957ರಲ್ಲಿ ಅಲ್ಲಿನ ಕುಟುಂಬಗಳೊಂದಿಗೆ ಹುಟ್ಟಿದ ಸಂಘವೇ ಇಂದಿನ ಎಟಿಡಿ ಫೋರ್ತ್ ವರ್ಲ್ಡ್. ನಾನಾ ದೇಶಗಳ ಯುವಜನ ಅಲ್ಲಿಗೆ ಬಂದು ಗುಡಿಸಲುಗಳ ನಡುವೆಯೇ ನೆಲೆಸಿದರು. ಮಕ್ಕಳಿಗೆ ಬೀದಿಯಲ್ಲೇ ಚಾಪೆ ಹಾಸಿ ಪುಸ್ತಕ ಓದಿ ಹೇಳುವುದು ಒಂದು ಕೆಲಸ. ದಿನದ ಕೊನೆಗೆ ಕುಟುಂಬಗಳು ಆಡಿದ ಮಾತುಗಳನ್ನು ಬರೆದಿಡುವುದು ಇನ್ನೊಂದು. ಬಡತನವನ್ನು ಹಣದ ಕೊರತೆಯಾಗಿ ಮಾತ್ರ ನೋಡದೆ ಸಾಮಾಜಿಕ ಹೊರಗಿಡುವಿಕೆಯಾಗಿ ನೋಡುವ ದೃಷ್ಟಿಗೆ ಈ ಬರಹಗಳು ಬಲ ಕೊಟ್ಟವು. 1987ರಲ್ಲಿ ವ್ರೆಸಿನ್ಸ್ಕಿ ಫ್ರಾನ್ಸಿನ ಆರ್ಥಿಕ ಮತ್ತು ಸಾಮಾಜಿಕ ಮಂಡಳಿಗೆ ಕೊಟ್ಟ ವರದಿಯ ಮರುವರ್ಷವೇ ಅಲ್ಲಿ ಕನಿಷ್ಠ ಆದಾಯ ಭತ್ಯೆ ಜಾರಿಗೆ ಬಂತು. 1987ರ ಅಕ್ಟೋಬರ್ 17ರಂದು ಅವರ ಕರೆಯ ಮೇರೆಗೆ ಪ್ಯಾರಿಸಿನಲ್ಲಿ ನಡೆದ ಸಭೆಯ ನೆನಪಿನ ದಿನವನ್ನೇ ವಿಶ್ವಸಂಸ್ಥೆ 1992ರಲ್ಲಿ ಬಡತನ ನಿರ್ಮೂಲನೆಯ ಅಂತರರಾಷ್ಟ್ರೀಯ ದಿನವೆಂದು ಘೋಷಿಸಿತು.

ಯುರೋಪಿನ ಒಕ್ಕೂಟ 1996ರಲ್ಲಿ ಪ್ರಾಯೋಗಿಕವಾಗಿ ತೆರೆದ ಯುರೋಪಿಯನ್ ಸ್ವಯಂಸೇವೆಯಲ್ಲಿ, ಸ್ವಯಂಸೇವಕರ ಖರ್ಚನ್ನು ಯಾರು ಹೊರಬೇಕೆಂಬ ಪ್ರಶ್ನೆಗೆ ಪರಿಹಾರ ಸಿಕ್ಕಿತು. ಪ್ರಯಾಣ, ಊಟ, ವಸತಿ, ವಿಮೆ, ಕೈಖರ್ಚು ಎಲ್ಲವೂ ಸಾರ್ವಜನಿಕ ನಿಧಿಯಿಂದ. ಕಳುಹಿಸುವ ಸಂಸ್ಥೆಯೊಂದು, ಬರಮಾಡಿಕೊಳ್ಳುವ ಸಂಸ್ಥೆಯೊಂದು ಒಪ್ಪಂದಕ್ಕೆ ಬರಬೇಕು. ವೃದ್ಧಾಶ್ರಮ, ವಲಸಿಗರ ಕೇಂದ್ರ, ರೋಮಾ ಮಕ್ಕಳ ಶಾಲೆ ಇಂಥವು ಕೆಲಸದ ತಾಣಗಳು. ಇಪ್ಪತ್ತು ವರ್ಷಗಳಲ್ಲಿ ಸುಮಾರು 1 ಲಕ್ಷ ಯುವಜನ ಇದರಲ್ಲಿ ಪಾಲ್ಗೊಂಡರು. 2016ರ ಕೊನೆಯಲ್ಲಿ ಆರಂಭವಾದ ಯುರೋಪಿಯನ್ ಸಾಲಿಡಾರಿಟಿ ಕೋರ್ ಈ ಕೆಲಸವನ್ನು ವಹಿಸಿಕೊಂಡಿತು. 18ರಿಂದ 30 ವರ್ಷದವರಿಗೆ ಒಂದು ವರ್ಷದವರೆಗೆ ಅವಕಾಶವಿದೆ. ಅವಕಾಶವಂಚಿತ ಯುವಕರು ನೆರವು ಪಡೆಯುವವರಾಗಿಯಷ್ಟೇ ಉಳಿಯದೆ ತಾವೇ ಸ್ವಯಂಸೇವಕರಾಗಲಿ ಎಂದು ಅವರಿಗಾಗಿ ಕಡಿಮೆ ಅವಧಿಯ ಸೇವೆಯನ್ನೂ ಇಟ್ಟಿದ್ದಾರೆ.

ಜರ್ಮನಿ 2008ರಲ್ಲಿ ಆರಂಭಿಸಿದ ವೆಲ್ಟ್‌ವೆರ್ಟ್ಸ್ ಯೋಜನೆಯ ಸ್ವಯಂಸೇವಕರಿಗೆ ಭಾರತವೂ ಒಂದು ನೆಲೆ. ಕರ್ನಾಟಕದ ಸಂಸ್ಥೆಗಳಿಗೂ ಅವರು ಬಂದಿದ್ದಾರೆ. ಸರ್ಕಾರವೇ ಖರ್ಚು ಕೊಟ್ಟರೂ ಹೋಗುವವರಲ್ಲಿ ಬಹುಪಾಲು ವಿಶ್ವವಿದ್ಯಾಲಯದ ಹಾದಿಯಲ್ಲಿರುವ ಓದಿದ ಮನೆಯ ಮಕ್ಕಳೇ ಎಂಬುದು ಈ ಯೋಜನೆಯ ಹಳೆಯ ಕೊರತೆ. ಅನುಭವಿ ವೃತ್ತಿಪರರ ಸಂಸ್ಥೆಯಾಗಿದ್ದ ವಿಎಸ್‌ಒ ದೊಡ್ಡ ಪ್ರಮಾಣದಲ್ಲಿ ಮತ್ತೆ ಯುವಜನರತ್ತ ತಿರುಗಿದ್ದು 2011ರಲ್ಲಿ, ಬ್ರಿಟಿಷ್ ಸರ್ಕಾರದ ಹಣದಿಂದ ನಡೆದ ಇಂಟರ್‌ನ್ಯಾಷನಲ್ ಸಿಟಿಜನ್ ಸರ್ವೀಸ್ ಮೂಲಕ. ಇದರಲ್ಲಿ 18ರಿಂದ 25 ವರ್ಷದ ಬ್ರಿಟಿಷ್ ಯುವಕನಿಗೆ ಆತಿಥೇಯ ದೇಶದ ಯುವಕನೊಬ್ಬ ಜೋಡಿ. ಇಬ್ಬರೂ ಒಂದೇ ಮನೆಯಲ್ಲಿ ಉಂಡು, ಮಲಗಿ, ಸುಮಾರು ಮೂರು ತಿಂಗಳು ಒಂದೇ ಕೆಲಸ ಮಾಡುತ್ತಿದ್ದರು. ಭಾಷೆ, ಊರಿನ ಒಳಸುಳಿ ಗೊತ್ತಿದ್ದವನು ಸ್ಥಳೀಯನೇ ಆದ್ದರಿಂದ, ಯಾರು ಯಾರಿಗೆ ಕಲಿಸುತ್ತಿದ್ದಾರೆಂಬ ಹಳೆಯ ಲೆಕ್ಕ ಇಲ್ಲಿ ತಲೆಕೆಳಗಾಗುತ್ತಿತ್ತು.

ಇನ್ನೊಂದು ಕಡೆ ಇದೇ ಸೇವೆ ವ್ಯಾಪಾರವೂ ಆಯಿತು. ಒಂದೆರಡು ವಾರದ ಸೇವಾ ಪ್ರವಾಸಕ್ಕೆ ಕಂಪನಿಗಳು ಹಣ ವಸೂಲು ಮಾಡತೊಡಗಿದವು. ಇದರ ಕೆಟ್ಟ ಫಲ ಕಂಡದ್ದು ಅನಾಥಾಲಯಗಳಲ್ಲಿ. ಅಂಗ್ಕೋರ್ ದೇಗುಲಗಳಿಗೆ ಪ್ರವಾಸಿಗರು ಹರಿದುಬರುವ ಕಾಂಬೋಡಿಯಾದ ಸಿಯಂ ರೀಪ್‌ನಂಥ ಊರುಗಳಲ್ಲಿ ಅನಾಥಾಲಯಗಳು ಹೆಚ್ಚಾದವು. ಅಲ್ಲಿನ ಬಹುತೇಕ ಮಕ್ಕಳಿಗೆ ತಂದೆ ಅಥವಾ ತಾಯಿ ಬದುಕಿಯೇ ಇದ್ದರು. ವಿದೇಶಿ ಸ್ವಯಂಸೇವಕರು ಇರುವವರೆಗೆ ಮಕ್ಕಳು ಆದಾಯದ ಮೂಲವಾಗಿದ್ದರು. ವಾರಕ್ಕೊಬ್ಬರು ಬಂದು ಮುದ್ದಿಸಿ ಹೋದರೆ ಮಗುವಿನ ಮನಸ್ಸಿಗೆ ಆಗುವ ಪೆಟ್ಟಂತೂ ಬೇರೆಯೇ. 2019ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಮಕ್ಕಳ ಹಕ್ಕುಗಳ ನಿರ್ಣಯದಲ್ಲಿ ಅನಾಥಾಲಯ ಸ್ವಯಂಸೇವೆಯ ಅಪಾಯವನ್ನು ಹೆಸರಿಸಿತು.

ಮರುವರ್ಷ ಕೋವಿಡ್ ಎಲ್ಲವನ್ನೂ ನಿಲ್ಲಿಸಿತು. 2020ರ ಮಾರ್ಚ್‌ನಲ್ಲಿ ಪೀಸ್ ಕೋರ್ ಅರವತ್ತಕ್ಕೂ ಹೆಚ್ಚು ದೇಶಗಳಿಂದ ತನ್ನ ಸುಮಾರು 7,000 ಸ್ವಯಂಸೇವಕರನ್ನೂ ವಾಪಸು ಕರೆಸಿಕೊಂಡಿತು. ಮತ್ತೆ ಕಳುಹಿಸಲು ಆರಂಭಿಸಿದ್ದು 2022ರಲ್ಲಿ. ಈ ನಡುವೆ ಆನ್‌ಲೈನ್ ಮೂಲಕ ದೂರದಿಂದಲೇ ದುಡಿಯುವ ಕ್ರಮ ಬೆಳೆಯಿತು. ಬ್ರಿಟನ್ನಿನ ಜೋಡಿ ಯೋಜನೆ ಮಾತ್ರ ಮತ್ತೆ ಚೇತರಿಸಿಕೊಳ್ಳಲಿಲ್ಲ. ಇತ್ತ 2013ರಿಂದ ವೆಲ್ಟ್‌ವೆರ್ಟ್ಸ್ ಎದುರು ದಿಕ್ಕಿನಲ್ಲೂ ತೆರೆದಿದೆ: ಭಾರತ, ಆಫ್ರಿಕಾ, ಲ್ಯಾಟಿನ್ ಅಮೆರಿಕದ ಯುವಜನ ಜರ್ಮನಿಯ ಶಿಶುವಿಹಾರ, ಅಂಗವಿಕಲರ ಕೇಂದ್ರಗಳಲ್ಲಿ ಒಂದು ವರ್ಷ ಸೇವೆ ಸಲ್ಲಿಸುತ್ತಾರೆ. ಅವರ ಸಂಖ್ಯೆ ಅಲ್ಲಿಂದ ಇತ್ತ ಬರುವವರಿಗಿಂತ ತೀರ ಕಡಿಮೆ. ವೀಸಾ ಸಿಗುವುದೂ ಅವರಿಗೇ ಹೆಚ್ಚು ಕಷ್ಟ.