ಮದುವೆ ಹಾಲ್‌ನಿಂದ ಆಲ್ ಇಂಗ್ಲೆಂಡ್‌ವರೆಗೆ: ಶಟಲ್ ಬ್ಯಾಡ್ಮಿಂಟನ್‌ನಲ್ಲಿ ನಮ್ಮ ರಾಜ್ಯದವರು

ನಂಜನಗೂಡು/ಟಿ.ನರಸೀಪುರ: ಬೆಳಗ್ಗೆ ಅಂಗಡಿ ಬಾಗಿಲು ತೆಗೆಯೋಕೆ ಮುಂಚೆ ರಸ್ತೆಗೆ ಅಡ್ಡ ನೆಟ್ ಕಟ್ಟಿ ಶಟಲ್ ಆಡೋರು ಎರಡೂ ಊರಲ್ಲಿದ್ದಾರೆ. ಹೊಳೆ ಕಡೆಯಿಂದ ಗಾಳಿ ಎದ್ದರೆ ಆಟ ಮುಗೀತು. 16 ಗರಿಯ ಶಟಲ್‌ನ ತೂಕ 5 ಗ್ರಾಂ ಆಸುಪಾಸು ಅಷ್ಟೇ, ಗಾಳಿ ಎತ್ತ ಎಳೆದರೆ ಅತ್ತ ಹೋಗುತ್ತೆ. ಹಾಗಾಗಿ ಈ ಆಟ ಸರಿಯಾಗಿ ಕಲಿಯಬೇಕಂದ್ರೆ ದುಬಾರಿ ಬ್ಯಾಟಿಗಿಂತ ಮೊದಲು ಬೇಕಾಗೋದು ಒಂದು ಸೂರು. ರಾಜ್ಯದ ಅತಿ ದೊಡ್ಡ ಆಟಗಾರನಿಗೆ ಆ ಸೂರು ಸಿಕ್ಕಿದ್ದು ಒಂದು ಮದುವೆ ಹಾಲ್‌ನಲ್ಲಿ.

ಪ್ರಕಾಶ್ ಪಡುಕೋಣೆ

ಮೂಲ ಕುಂದಾಪುರ ಕಡೆಯ ಪಡುಕೋಣೆ. ಹುಟ್ಟಿದ್ದು 1955ರಲ್ಲಿ, ಬೆಂಗಳೂರಿನಲ್ಲಿ. ತಂದೆ ರಮೇಶ್ ಪಡುಕೋಣೆ ಮೈಸೂರು ಬ್ಯಾಡ್ಮಿಂಟನ್ ಸಂಸ್ಥೆಯ ಕಾರ್ಯದರ್ಶಿಯಾಗಿದ್ದವರು. ಮನೆ ಹತ್ತಿರದ ಮಲ್ಲೇಶ್ವರದ ಕೆನರಾ ಯೂನಿಯನ್ ಹಾಲೇ ಹುಡುಗನ ಕೋರ್ಟ್. ಅಲ್ಲಿ ಮದುವೆ, ಮುಂಜಿ ಇದ್ದರೆ ಆವತ್ತು ಆಟ ಇಲ್ಲ. ಇಲ್ಲದಿದ್ದರೆ ಸ್ಕೂಲ್ ಬಿಟ್ಟ ಕೂಡಲೇ ಅಲ್ಲಿಗೆ ಓಟ.

1962ರಲ್ಲಿ ಆಡಿದ ಮೊದಲ ರಾಜ್ಯ ಜೂನಿಯರ್ ಟೂರ್ನಿಯಲ್ಲಿ ಮೊದಲ ಸುತ್ತಲ್ಲೇ ಸೋಲು. ಎರಡು ವರ್ಷಕ್ಕೆ ಅದೇ ಪ್ರಶಸ್ತಿ ಕೈಗೆ ಬಂತು. 16ನೇ ವಯಸ್ಸಿಗೆ ರಾಷ್ಟ್ರೀಯ ಜೂನಿಯರ್, ಸೀನಿಯರ್ ಎರಡೂ ಗೆದ್ದರು. ಸೀನಿಯರ್ ಪ್ರಶಸ್ತಿಯನ್ನ ಸತತ ಒಂಬತ್ತು ಸಲ ಬಿಟ್ಟುಕೊಡಲಿಲ್ಲ. 1978ರಲ್ಲಿ ಎಡ್ಮಂಟನ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಚಿನ್ನ. 1980ರಲ್ಲಿ ಇಂಡೋನೇಷ್ಯಾದ ಲೀಮ್ ಸ್ವೀ ಕಿಂಗ್ ಅವರನ್ನು 15-3, 15-10ರಿಂದ ಸೋಲಿಸಿ ಆಲ್ ಇಂಗ್ಲೆಂಡ್ ಗೆದ್ದ ಮೊದಲ ಭಾರತೀಯ ಆದರು. ಕಿಂಗ್ ಹಿಂದಿನ ಎರಡೂ ವರ್ಷ ಗೆದ್ದಿದ್ದವರು. ಅವರ ಸ್ಮ್ಯಾಶ್‌ಗೆ ಪ್ರಕಾಶ್ ಉತ್ತರ ಕೊಟ್ಟಿದ್ದು ನೆಟ್ ಪಕ್ಕಕ್ಕೆ ಬೀಳೋ ನಯವಾದ ಹೊಡೆತಗಳಿಂದ. 1983ರಲ್ಲಿ ವಿಶ್ವ ಚಾಂಪಿಯನ್‌ಷಿಪ್ ಕಂಚೂ ಬಂತು.

1994ರಲ್ಲಿ ವಿಮಲ್ ಕುಮಾರ್ ಮತ್ತಿತರರ ಜೊತೆ ಸೇರಿ ಬೆಂಗಳೂರಲ್ಲಿ ಅಕಾಡೆಮಿ ಶುರು ಮಾಡಿದರು. 2001ರಲ್ಲಿ ಆಲ್ ಇಂಗ್ಲೆಂಡ್ ಗೆದ್ದ ಪುಲ್ಲೇಲ ಗೋಪಿಚಂದ್ ಕೂಡ ಅಲ್ಲಿ ಪಳಗಿದವರೇ. 2021ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು ತಂದ ಲಕ್ಷ್ಯ ಸೇನ್ ಉತ್ತರಾಖಂಡದ ಅಲ್ಮೋರಾದಿಂದ ಅಲ್ಲಿಗೇ ಬಂದರು.

ಅಶ್ವಿನಿ ಪೊನ್ನಪ್ಪ

ಕೊಡಗಿನ ಮನೆತನ, ಹುಟ್ಟಿದ್ದು ಬೆಂಗಳೂರು. ಇವರದು ಡಬಲ್ಸ್ ಆಟ. ಜ್ವಾಲಾ ಗುಟ್ಟಾ ಜೊತೆ 2010ರ ದೆಹಲಿ ಕಾಮನ್‌ವೆಲ್ತ್‌ನಲ್ಲಿ ಚಿನ್ನ, 2011ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು. 2012, 2016, 2024ರ ಒಲಿಂಪಿಕ್ಸ್ ಆಡಿದ್ದಾರೆ.

ಅನೂಪ್ ಶ್ರೀಧರ್, ಅರವಿಂದ್ ಭಟ್

ಇಬ್ಬರೂ ಬೆಂಗಳೂರಿನವರು. ಅನೂಪ್ 2007ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅಥೆನ್ಸ್ ಒಲಿಂಪಿಕ್ಸ್ ಚಾಂಪಿಯನ್ ತೌಫಿಕ್ ಹಿದಾಯತ್‌ಗೆ ಸೋಲುಣಿಸಿದರು. ಅರವಿಂದ್ 2014ರಲ್ಲಿ ಜರ್ಮನ್ ಓಪನ್ ಗೆದ್ದಾಗ ವಯಸ್ಸು 34. ಆ ಹೊತ್ತಿಗೆ ಬಹಳಷ್ಟು ಆಟಗಾರರು ಬ್ಯಾಟ್ ಕೆಳಗಿಟ್ಟಿರ್ತಾರೆ.

ಸುಹಾಸ್ ಎಲ್.ಯತಿರಾಜ್

ಹಾಸನದಲ್ಲಿ ಹುಟ್ಟಿ, ಸುರತ್ಕಲ್‌ನಲ್ಲಿ ಇಂಜಿನಿಯರಿಂಗ್ ಓದಿ, ಉತ್ತರ ಪ್ರದೇಶದಲ್ಲಿ ಐಎಎಸ್ ಅಧಿಕಾರಿ ಆದವರು. ಕಾಲಿನ ನ್ಯೂನತೆ ಇದ್ದರೂ 2016ರಲ್ಲಿ ಜಿಲ್ಲಾಧಿಕಾರಿ ಆಗಿರುವಾಗಲೇ ಏಷ್ಯನ್ ಪ್ಯಾರಾ ಬ್ಯಾಡ್ಮಿಂಟನ್ ಗೆದ್ದರು. ಟೋಕಿಯೊ, ಪ್ಯಾರಿಸ್ ಎರಡೂ ಪ್ಯಾರಾಲಿಂಪಿಕ್ಸ್‌ನಲ್ಲಿ ಬೆಳ್ಳಿ. ಕೆಲಸ ಮುಗಿಸಿ ಸಂಜೆ ಮೇಲೆ ಆಡೋರಿಗೆ ಇವರಿಗಿಂತ ಉದಾಹರಣೆ ಬೇಕಾಗಿಲ್ಲ.

ಆಯುಷ್ ಶೆಟ್ಟಿ

ಕಾರ್ಕಳ ಕಡೆಯ ಹುಡುಗ. 2023ರಲ್ಲಿ ವಿಶ್ವ ಜೂನಿಯರ್ ಕಂಚು, 2025ರಲ್ಲಿ ಯುಎಸ್ ಓಪನ್ ಪ್ರಶಸ್ತಿ. ತಾಲ್ಲೂಕು ಕೇಂದ್ರದಿಂದಲೂ ಅಷ್ಟು ದೂರ ಹೋಗಬಹುದು ಅನ್ನೋದಕ್ಕೆ ಸಾಕ್ಷಿ. ಆದರೆ ಮುಂದಿನ ತರಬೇತಿಗೆ ಅವರೂ ಬೆಂಗಳೂರಿಗೆ ಹೋಗಬೇಕಾಯ್ತು.

ನಮ್ಮೂರಲ್ಲಿ ಆಡಬೇಕಂದ್ರೆ

ಡಬಲ್ಸ್ ಕೋರ್ಟ್‌ಗೆ ಬೇಕಾದ್ದು 44 ಅಡಿ ಉದ್ದ, 20 ಅಡಿ ಅಗಲ, ಜೊತೆಗೆ ಸುತ್ತ ಓಡಾಡೋಕೆ ಜಾಗ. ನೆಟ್‌ನ ಎತ್ತರ ಮಧ್ಯದಲ್ಲಿ 5 ಅಡಿ. ಚಾವಣಿ ಎತ್ತರ ಇದ್ದಷ್ಟೂ ಒಳ್ಳೇದು. ನುಣುಪು ಗ್ರಾನೈಟ್ ನೆಲದಲ್ಲಿ ಬರೀ ಹಾಗೇ ಆಡಿದರೆ ಜಾರಿ ಮಂಡಿಗೆ ಪೆಟ್ಟಾಗುತ್ತೆ, ಮ್ಯಾಟ್ ಬೇಕು. ಕಲಿಯೋ ಮಕ್ಕಳಿಗೆ ನೈಲಾನ್ ಶಟಲ್ ಬಾಳಿಕೆ ಬರುತ್ತೆ. ಗರಿಯದ್ದು ಬೇಗ ಹಾಳಾಗುತ್ತೆ, ತಿಂಗಳ ಖರ್ಚು ಏರೋದು ಅಲ್ಲೇ.

ತರಬೇತಿಗೆ ಅಂತ ಮೈಸೂರಿಗೆ ಹೋಗೋದಾದರೆ ನಂಜನಗೂಡಿನ ಮಕ್ಕಳಿಗೆ ರೈಲೂ ಇದೆ, ಬಸ್ಸೂ ಇದೆ. ಟಿ.ನರಸೀಪುರದವರಿಗೆ ಬಸ್ಸೇ ಗತಿ. ಸ್ಕೂಲ್ ಮುಗಿಸಿ ದಿನಾ ಹೋಗಿ ಬರೋದರಲ್ಲೇ ಎಷ್ಟೋ ಮಕ್ಕಳ ಆಟ ನಿಂತುಹೋಗುತ್ತೆ.

ಎರಡೂ ಊರಲ್ಲಿ ಛತ್ರಗಳಿಗೇನೂ ಬರ ಇಲ್ಲ. ಆಷಾಢ, ಧನುರ್ಮಾಸ ಬಂದರೆ ಮದುವೆ ಇಲ್ಲದೆ ಖಾಲಿ ಬಿದ್ದಿರ್ತವೆ. ಚಾವಣಿ ಎತ್ತರವಿರೋ ಒಂದೆರಡು ಹಾಲ್‌ಗಳ ಮಾಲೀಕರು ಸಂಜೆ ಎರಡು ಗಂಟೆ ಬಾಗಿಲು ತೆಗೆದರೂ ಸಾಕು, ಮಕ್ಕಳಿಗೆ ಗಾಳಿಯ ಕಾಟ ತಪ್ಪುತ್ತೆ. ಮಲ್ಲೇಶ್ವರದ ಆ ಹಾಲ್ ಕೂಡ ಕಟ್ಟಿಸಿದ್ದು ಶಟಲ್ ಆಡಲಿ ಅಂತ ಅಲ್ಲ.